ಬೆಂಕಿ ಎಲ್ಲಿ ಹುಟ್ಟಿತು? ಸುಟ್ಟ ಕಟ್ಟಡವನ್ನು ಪರೀಕ್ಷಿಸುವ ಬಗೆ



ಕಬ್ಬು ನುರಿಸುವ ಹಂಗಾಮು ಮುಗಿದು ಬಿಸಿಲು ಏರಿದಂತೆ ವಸ್ತಿಯ ಮೇಲಿನ ದನದ ಕೊಟ್ಟಿಗೆ, ಮೇವಿನ ಕೋಣೆ, ಪಂಪಿನ ಮನೆಗಳಿಗೆ ಬೆಂಕಿಯ ಭಯ ಹೆಚ್ಚು. ಬೆಂಕಿ ಆರುವ ಮೊದಲೇ ಊರಲ್ಲಿ ಏಳುವ ಪ್ರಶ್ನೆ 'ಯಾರು ಹಚ್ಚಿದರು?' ಎಂಬುದು. ನೀರಿನ ಪಾಳಿಗಾಗಿ ನಿಮ್ಮೊಡನೆ ಜಗಳಾಡಿದ ನೆರೆಯವನ ಹೆಸರು ಆಗಲೇ ಬಾಯಿಂದ ಬಾಯಿಗೆ ಹೋಗಿರುತ್ತದೆ. ತಜ್ಞರು ಆ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ. ಅವರ ಮೊದಲ ಪ್ರಶ್ನೆ 'ಎಲ್ಲಿ ಹತ್ತಿತು?', ಎರಡನೆಯದು 'ಹೇಗೆ ಹತ್ತಿತು?'.

ಮೂಲಸ್ಥಾನ

ತಜ್ಞರು ಹೊರಗಿನಿಂದ ಒಳಗೆ, ಕಡಿಮೆ ಸುಟ್ಟ ಕಡೆಯಿಂದ ಹೆಚ್ಚು ಸುಟ್ಟ ಕಡೆಗೆ ನೋಡುತ್ತ ಬರುತ್ತಾರೆ. ಉರಿ ಮೇಲಕ್ಕೂ ಅಗಲಕ್ಕೂ ಹರಡುವುದರಿಂದ ಗೋಡೆಯ ಮೇಲೆ ಬಿಚ್ಚಿದ ಬೀಸಣಿಗೆಯಂತೆ ಕೆಳಗೆ ಚೂಪಾದ, ಮೇಲೆ ಅಗಲವಾದ ಗುರುತು ಮೂಡುತ್ತದೆ. ಚೂಪಾದ ತುದಿ ಮೂಲಸ್ಥಾನವಾಗಿರಬಹುದು. ಆದರೆ ನಂತರ ಹತ್ತಿದ ಮೇವಿನ ರಾಶಿಯೂ ಇಂಥದೇ ಗುರುತು ಮಾಡುತ್ತದೆ. ಆದ್ದರಿಂದ ಮೊದಲು ಕಂಡವರ ಮಾತು, ಫೋಟೋ, ಗಾಳಿಯ ದಿಕ್ಕು ಇವೆಲ್ಲವನ್ನೂ ಕೂಡಿಸಿ ನೋಡಬೇಕಾಗುತ್ತದೆ.

ಕಾರಣ

ಯಾವ ಶಾಖ, ಯಾವ ಉರುವಲು, ಎರಡೂ ಕೂಡಿದ್ದು ಹೇಗೆ? ಈ ಮೂರಕ್ಕೂ ಉತ್ತರ ಬೇಕು. ವೈರಿನ ಮೇಲೆ ಕರಗಿದ ತಾಮ್ರದ ಮಣಿ ಕಂಡರೆ 'ಶಾರ್ಟ್ ಸರ್ಕಿಟ್‌ನಿಂದಲೇ ಬೆಂಕಿ' ಎನ್ನುವುದು ರೂಢಿ. ಮಣಿ ಹೇಳುವುದು ಸಾಮಾನ್ಯವಾಗಿ ಇಷ್ಟೇ: ಆಗ ವೈರಿನಲ್ಲಿ ವಿದ್ಯುತ್ ಹರಿಯುತ್ತಿತ್ತು. ಬೆಂಕಿಯೇ ಮೊದಲು ವೈರಿನ ಹೊದಿಕೆ ಸುಟ್ಟು ಶಾರ್ಟ್ ಮಾಡಿರಲೂಬಹುದು. ಹಸಿ ಇರುವಾಗಲೇ ಒಟ್ಟಿದ ಮೇವಂತೂ ಸೂಕ್ಷ್ಮಜೀವಿಗಳ ಕ್ರಿಯೆಯಿಂದ ಒಳಗೇ ಕಾದು, ಕೆಲವು ವಾರಗಳಲ್ಲಿ ಯಾರೂ ಹಚ್ಚದೆಯೇ ಹೊತ್ತಿಕೊಳ್ಳಬಲ್ಲದು.

ಜಾಕ್ಸನ್‌ವಿಲ್‌ನ ಪಾಠ

ಅಮೆರಿಕದ ಫ್ಲೋರಿಡಾ ರಾಜ್ಯದ ಜಾಕ್ಸನ್‌ವಿಲ್ ನಗರದಲ್ಲಿ 1990ರಲ್ಲಿ ಒಂದು ಮನೆ ಸುಟ್ಟು 6 ಜನ ಸತ್ತರು. ನೆಲದ ಮೇಲಿನ ಗುರುತು ನೋಡಿ, ಮನೆಯಾತನೇ ಪೆಟ್ರೋಲು ಸುರಿದು ಹಚ್ಚಿದನೆಂದು ಆರೋಪ ಬಂತು. ಸೋಫಾದಿಂದ ಹತ್ತಿತೆಂದು ಅವನ ಹೇಳಿಕೆ. ಸರಕಾರದ ಪರವಾಗಿ ಕರೆಸಿದ ತಜ್ಞರಾದ ಜಾನ್ ಲೆಂಟಿನಿ ಮತ್ತು ಜಾನ್ ಡಿಹಾನ್, ಪಕ್ಕದಲ್ಲೇ ಇದ್ದ ಅಂಥದೇ ಮನೆಯಲ್ಲಿ ಸೋಫಾ ಇರಿಸಿ ಬೆಂಕಿ ಹಚ್ಚಿ ನೋಡಿದರು. ಛಾವಣಿಯ ಕೆಳಗೆ ಕೂಡಿದ ಬಿಸಿ ಹೊಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೋಣೆಯ ವಸ್ತುಗಳೆಲ್ಲ ಒಮ್ಮೆಲೇ ಹೊತ್ತಿಕೊಳ್ಳುತ್ತವೆ. ಇದಕ್ಕೆ ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಅಲ್ಲಿ ಅದು 5 ನಿಮಿಷದೊಳಗೇ ಆಯಿತು. ಪೆಟ್ರೋಲಿನ ಹನಿಯಿಲ್ಲದೆ ನೆಲದಲ್ಲಿ ಅದೇ ಬಗೆಯ ಗುರುತುಗಳು ಮೂಡಿದವು. ಆರೋಪ ಹಿಂತೆಗೆಯಲಾಯಿತು.

ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘವು 1992ರಲ್ಲಿ ಹೊರತಂದ 921ನೆಯ ಮಾರ್ಗದರ್ಶಿಯೂ ಊಹೆಯನ್ನು ಪುರಾವೆಯಿಂದ ಪರೀಕ್ಷಿಸಬೇಕೆನ್ನುತ್ತದೆ. ಕಾರಣ ಸಿಗದಿದ್ದರೆ 'ನಿರ್ಧಾರವಾಗಿಲ್ಲ' ಎಂದು ಬರೆಯುವುದೇ ಸರಿಯಾದ ಕ್ರಮ.

ನೀವು ಮಾಡಬೇಕಾದದ್ದು

1. ಮೊದಲು ಜನ, ದನಗಳನ್ನು ಹೊರತನ್ನಿರಿ. ವಿದ್ಯುತ್ ನಿಲ್ಲಿಸುವವರೆಗೆ ನೀರು ಹಾಕಬೇಡಿರಿ. ಗೋಡೆ ಕುಸಿಯುವಂತಿದ್ದರೆ ಒಳಗೆ ಕಾಲಿಡಬೇಡಿರಿ.

2. ಪಂಚನಾಮೆ ಆಗುವವರೆಗೆ ಬೂದಿ ಗುಡಿಸಬೇಡಿರಿ. ಸುಟ್ಟ ವೈರು, ಸ್ಟಾರ್ಟರು, ಪತ್ರಾಸುಗಳನ್ನು ಇದ್ದಲ್ಲೇ ಬಿಡಿರಿ.

3. ನಾಲ್ಕೂ ದಿಕ್ಕಿನಿಂದ ಫೋಟೋ ತೆಗೆಯಿರಿ. ಮೊದಲು ಯಾರು, ಎಷ್ಟು ಗಂಟೆಗೆ, ಯಾವ ಮೂಲೆಯಲ್ಲಿ ಉರಿ ಕಂಡರೆಂದು ಅಂದೇ ಬರೆದಿಡಿರಿ.

4. ಸೀಮೆಎಣ್ಣೆಯ ವಾಸನೆ ಬಂದರೆ ಅಧಿಕಾರಿಗಳಿಗೆ ತಿಳಿಸಿರಿ. ಮಾದರಿಯನ್ನು ಗಾಳಿಯಾಡದ ಡಬ್ಬಿಯಲ್ಲಿ ಪ್ರಯೋಗಾಲಯಕ್ಕೆ ಕಳಿಸುವ ಕೆಲಸ ಅವರದು.

5. ಕಂಡದ್ದನ್ನು ಮಾತ್ರ ಹೇಳಿರಿ. ಸಂಶಯವನ್ನು ಸಾಕ್ಷಿಯಾಗಿ ಬರೆಯಿಸಬೇಡಿರಿ.

ಸುಟ್ಟ ಕೊಟ್ಟಿಗೆಯನ್ನು ಮುಂದಿನ ಬಿಲ್ಲಿನ ಹಣದಲ್ಲಿ ಕಟ್ಟಿಕೊಳ್ಳಬಹುದು. ಒಂದೇ ಬಾವಿಯ ನೀರು ಹಂಚಿಕೊಂಡ ನೆರೆಯವನ ಮೇಲೆ ಸುಳ್ಳು ಆಪಾದನೆ ಬಿದ್ದರೆ ಆ ಮನಸ್ತಾಪ ಮಕ್ಕಳ ಕಾಲಕ್ಕೂ ಉಳಿಯುತ್ತದೆ.

– ಕಬ್ಬು ಅಭಿವೃದ್ಧಿ ಅಧಿಕಾರಿ