ಚಳಿಗೆ ಜಗ್ಗದ ಈಚಲು: ಗುರುತು ಮತ್ತು ಬೇಸಾಯ

ಈಚಲು, ಖರ್ಜೂರಗಳ ಎಳೆಯ ಸಸಿಗಳನ್ನು ನೋಡಿ ಬೇರ್ಪಡಿಸುವುದು ಕಷ್ಟ. ಆದುದರಿಂದ ರೈತರು ತಾಯಿಮರವನ್ನೇ ಪರೀಕ್ಷಿಸಬೇಕು. ಖರ್ಜೂರದ ಬುಡದಲ್ಲಿ ಕಂದುಗಳು ಒಡೆಯುತ್ತವೆ. ಈಚಲು ಒಂಟಿ ಕಾಂಡದ ಮರ, ಬೀಜದಿಂದಲೇ ಬೆಳೆಸಬೇಕು. ಇದರ ಹಣ್ಣು ಚಿಕ್ಕದು, ತಿರುಳು ತೆಳು. ಗರಿಬುಡದ ಮುಳ್ಳು ಎರಡರಲ್ಲೂ ಇರುವುದರಿಂದ ಅದನ್ನು ನಂಬಬಾರದು. ಖರ್ಜೂರದ ಸಮೀಪವಿರುವ ಈಚಲಿನ ಬೀಜ ಬೇಡ. ಎರಡೂ ಸುಲಭವಾಗಿ ಬೆರಕೆಯಾಗುತ್ತವೆ.

ಬಲಿತ ಮರ ಉತ್ತರ ಭಾರತದ ಬಯಲಿನಲ್ಲಿ ನೀರು ಹೆಪ್ಪುಗಟ್ಟುವ ಚಳಿಯನ್ನೂ ತಡೆಯುತ್ತದೆ. ಸಸಿ ತಡೆಯದು; ಅಂಥ ಕಡೆ ಮೊದಲ 2 ಚಳಿಗಾಲ ಹುಲ್ಲು ಹೊದಿಸಬೇಕು.

ತಾಜಾ ಬೀಜವನ್ನು 2 ದಿನ ನೆನೆಸಿ, ಆಳವಾದ ಪಾಲಿಥೀನ್ ಚೀಲದಲ್ಲಿ 1 ಅಂಗುಲ ಕೆಳಗೆ ಊರಬೇಕು. ಮೊಳಕೆ ಮೊದಲು ಕೆಳಕ್ಕಿಳಿದು, ಆಮೇಲೆ ಎಲೆ ಮೇಲೆ ಬರುತ್ತದೆ. 2-3 ತಿಂಗಳು ಏನೂ ಕಾಣದಿದ್ದರೂ ಕೆದಕಬಾರದು. ಒಳ್ಳೆಯ ಬೀಜ ಕೆಡುವುದು ಹೀಗೆಯೇ. ಹೂ ಬಿಡುವವರೆಗೆ ಗಂಡು ಹೆಣ್ಣು ತಿಳಿಯದು, ಹಣ್ಣು ಬೇಕಾದವರು ಹತ್ತಾರು ಸಸಿ ನೆಡುವುದು ಲೇಸು.