ಮಿದುಳಿನ ಬೀಗ, ಗಸಗಸೆಯ ಕೀಲಿ

ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ಆದರೂ ಈ ವಿಷಯವನ್ನು ಕುರಿತು ಬರೆಯಹೊರಟಿರುವುದಕ್ಕೆ ಕಾರಣವುಂಟು. ಕಳೆದ ವರ್ಷ ನಮ್ಮ ಅಜ್ಜಿಯ ಅರ್ಬುದ ರೋಗವು ಮೂಳೆಗಿಳಿದಾಗ ವೈದ್ಯರು ಮಾರ್ಫೀನ್ ಮಾತ್ರೆಗಳನ್ನು ಕೊಟ್ಟರು. ಚೀಟಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ. ಅದು ಅಫೀಮಿನ ಮದ್ದು, ಚಟ ಹಿಡಿಸುತ್ತದೆ ಎಂಬ ನೆರೆಯವರ ಮಾತನ್ನು ನಂಬಿ, ಎರಡು ರಾತ್ರಿ ಮಾತ್ರೆಯನ್ನು ಬಚ್ಚಿಟ್ಟವನೂ ನಾನೇ. ಆ ನರಳಾಟವೇ ನನ್ನನ್ನು ವೈದ್ಯರ ಬಳಿಗೂ ಆಮೇಲೆ ಪುಸ್ತಕಗಳ ಬಳಿಗೂ ಅಟ್ಟಿತು.

ಗಸಗಸೆಯ ಹಸಿಕಾಯನ್ನು ಗೀರಿದರೆ ಒಸರುವ ಹಾಲು ಒಣಗಿ ಅಫೀಮಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಜರ್ಮನಿಯ ಸೆರ್ಟ್ಯುರ್ನರ್ ಎಂಬ ತರುಣ ಔಷಧಕಾರನು ಅದರಿಂದ ಮಾರ್ಫೀನನ್ನು ಬೇರ್ಪಡಿಸಿದನು. ಅದು ಮಿದುಳಿನಲ್ಲಿ ಎಲ್ಲಿ ಹೋಗಿ ತಗಲುತ್ತದೆಂಬುದು ಗೊತ್ತಾಗಲು ಮಾತ್ರ 1973ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಕ್ಯಾಂಡೇಸ್ ಪರ್ಟ್ ಎಂಬ ವಿದ್ಯಾರ್ಥಿನಿಯೂ (ವಿದ್ಯಾರ್ಥಿಗಳಾದ ನಾವು ಗಮನಿಸಬೇಕು!) ಆಕೆಯ ಗುರು ಸಾಲೊಮನ್ ಸ್ನೈಡರರೂ ಅದಕ್ಕೆ ಮೀಸಲಾದ ಗ್ರಾಹಕಗಳನ್ನು ತೋರಿಸಿಕೊಟ್ಟರು. ಇವು ನರಕೋಶದ ಹೊರಪೊರೆಯಲ್ಲಿ ನಾಟಿಕೊಂಡಿರುವ ಪ್ರೋಟೀನುಗಳು.

ಗಸಗಸೆಗಾಗಿ ನಮ್ಮ ಮಿದುಳು ಬೀಗ ಮಾಡಿಟ್ಟುಕೊಂಡದ್ದೇಕೆ? ಉತ್ತರವು 1975ರಲ್ಲಿ ಸ್ಕಾಟ್ಲೆಂಡಿನ ಆಬರ್ಡೀನಿನಿಂದ ಬಂದಿತು. ಹ್ಯೂಸ್, ಕೋಸ್ಟರ್ಲಿಟ್ಜ್ ಎಂಬ ವಿಜ್ಞಾನಿಗಳು ಹಂದಿಯ ಮಿದುಳಿನಿಂದಲೇ ಎನ್ಕೆಫಲಿನ್ ಎಂಬ ವಸ್ತುಗಳನ್ನು ತೆಗೆದರು. ಒಂದೊಂದೂ ಐದೇ ಅಮೈನೋ ಆಮ್ಲಗಳ ಸರಪಳಿ. ಬೀಗವೂ ದೇಹದ್ದೇ, ಅಸಲು ಕೀಲಿಯೂ ದೇಹದ್ದೇ. ಗಸಗಸೆಯದು ಹೇಗೋ ಹೊಂದಿಕೊಂಡ ಕಳ್ಳಕೀಲಿ.

ಮಾರ್ಫೀನ್ ಮುಖ್ಯವಾಗಿ ಮ್ಯೂ ಎಂಬ ಗ್ರಾಹಕದಲ್ಲಿ ಕೂಡುತ್ತದೆ. ಕೂಡಿದೊಡನೆ ಕೋಶದೊಳಗಣ ಜಿ-ಪ್ರೋಟೀನು ಎಚ್ಚೆತ್ತು, ಕ್ಯಾಲ್ಸಿಯಂ ಒಳಬರುವ ದಾರಿಯನ್ನು ಮುಚ್ಚಿಸಿ, ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನು ತೆರೆಸುತ್ತದೆ. ಆಗ ನರಕ್ಕೆ ನೋವಿನ ಸುದ್ದಿಯನ್ನು ಮುಂದಕ್ಕೆ ದಾಟಿಸುವುದು ಕಷ್ಟವಾಗುತ್ತದೆ. ರೋಗ ಇದ್ದಂತೆಯೇ ಇರುತ್ತದೆ, ಸುದ್ದಿ ಮಾತ್ರ ಕುಗ್ಗುತ್ತದೆ. ಕರುಳಿನಲ್ಲಿಯೂ ಇವೇ ಗ್ರಾಹಕಗಳಿರುವುದರಿಂದ ಮಲಬದ್ಧತೆ. ಉಸಿರಾಟವನ್ನು ನಡೆಸುವ ಮಿದುಳಕಾಂಡದಲ್ಲಿಯೂ ಇರುವುದರಿಂದ, ಪ್ರಮಾಣ ಮೀರಿದರೆ ಪ್ರಾಣಾಪಾಯ. ಅದಕ್ಕೆ ನಲೋಕ್ಸೋನ್ ಎಂಬ ಪ್ರತಿಮದ್ದುಂಟು. ಅದು ಬೀಗದಲ್ಲಿ ಕೂರುವ, ಆದರೆ ತಿರುಗದ ಕೀಲಿ. ಮಾರ್ಫೀನನ್ನು ಹೊರದೂಡಿ ತಾನು ಕೂರುತ್ತದೆ.

ನೆರೆಯವರ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಮಿದುಳಿನ ಸುಖದ ದಾರಿಯಲ್ಲಿ ಈ ಮದ್ದು ಡೋಪಮೀನನ್ನು ಹೆಚ್ಚಿಸುತ್ತದೆ. ಚಟದ ಬೇರು ಅಲ್ಲಿದೆ. ದಿನಗಳೆದಂತೆ ಗ್ರಾಹಕಗಳು ಒಗ್ಗಿಹೋಗಿ ಮೊದಲಿನ ಪ್ರಮಾಣ ಸಾಲದಾಗುವುದೂ, ಥಟ್ಟನೆ ನಿಲ್ಲಿಸಿದರೆ ದೇಹ ತಳಮಳಿಸುವುದೂ ನಿಜ. ಆದರೆ ದೇಹ ಒಗ್ಗುವುದು ಬೇರೆ, ಚಟ ಬೇರೆ. ಇವೆರಡನ್ನೂ ಒಂದೆಂದು ತಿಳಿದದ್ದೇ ನನ್ನ ತಪ್ಪು.

ಮೂರನೆಯ ರಾತ್ರಿ, ವೈದ್ಯರನ್ನು ಕೇಳಿಬಂದ ಮೇಲೆ, ಮಾತ್ರೆ ಕೊಟ್ಟೆ. ಸುಮಾರು ಒಂದು ಗಂಟೆಯಾದ ಮೇಲೆ ಅಜ್ಜಿ ತಾನಾಗಿಯೇ ಮಗ್ಗುಲು ಬದಲಿಸಿ, ನನ್ನ ಪರೀಕ್ಷೆ ಯಾವತ್ತೆಂದು ಕೇಳಿದಳು.