ಕಿರು ಕೀಲಿಮಣೆ ಮತ್ತು ಕನ್ನಡ ಬರವಣಿಗೆ

ಬರೆಯುವ ಸಾಧನ ಬದಲಾದಾಗಲೆಲ್ಲ ಬರೆಯುವ ಕೈಯೂ ಹೊಸ ಪಾಠವನ್ನು ಕಲಿಯಬೇಕಾಗುತ್ತದೆ. ಓಲೆಗರಿಯ ಕಂಟ, ಬಳಪ, ಲೇಖನಿ, ಬೆರಳಚ್ಚು ಯಂತ್ರ ಇವೆಲ್ಲ ಈ ಮಾತಿಗೆ ಸಾಕ್ಷಿ. ಇಂದು ಆ ಸಾಲಿಗೆ ಕೀಲಿಮಣೆಯೂ ಸೇರಿದೆ. ಅದರಲ್ಲಿಯೂ ಗಾತ್ರದಲ್ಲಿ ಕಿರಿದಾದ, ತಂತಿಯಿಲ್ಲದ, ‘ಮೆಕ್ಯಾನಿಕಲ್’ ಎಂದು ಹೆಸರಾದ ಕೀಲಿಮಣೆ ಈಚೆಗೆ ವಿದ್ಯಾರ್ಥಿಗಳ ಗಮನವನ್ನು ಸೆಳೆಯುತ್ತಿದೆ. ಅದರ ರಚನೆ ಎಂತಹುದು? ಅದನ್ನು ಬಳಸುವ ಬಗೆ ಹೇಗೆ? ಅದರಲ್ಲಿ ಕನ್ನಡವನ್ನು ಬರೆಯಬಹುದೇ? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಅಗ್ಗದ ಕೀಲಿಮಣೆಗಳಲ್ಲಿ ಕೀಲಿಗಳ ಕೆಳಗೆ ರಬ್ಬರಿನ ಗುಬ್ಬಿಗಳಿರುತ್ತವೆ. ಸಾಮಾನ್ಯವಾಗಿ ಕೀಲಿಯನ್ನು ತಳಮುಟ್ಟ ಒತ್ತಿದರೆ ಮಾತ್ರ ಅಕ್ಷರ ಮೂಡುತ್ತದೆ. ಮೆಕ್ಯಾನಿಕಲ್ ಕೀಲಿಮಣೆಯಲ್ಲಾದರೋ ಒಂದೊಂದು ಕೀಲಿಗೂ ತನ್ನದೇ ಆದ ಸ್ವಿಚ್ಚು ಉಂಟು. ಅದರೊಳಗೆ ಒಂದು ಸ್ಪ್ರಿಂಗು, ಕೆಳಗೆ ಜಾರುವ ಒಂದು ದಿಂಡು, ಒಂದನ್ನೊಂದು ಮುಟ್ಟುವ ಎರಡು ಲೋಹದ ಪಟ್ಟಿಗಳು. ಜರ್ಮನಿಯ ಚೆರ್ರಿ ಸಂಸ್ಥೆ ೧೯೮೦ರ ದಶಕದಲ್ಲಿ ಹೊರತಂದ ಎಂ.ಎಕ್ಸ್. ಸ್ವಿಚ್ಚು ಇಂದಿನ ಹಲವು ಸ್ವಿಚ್ಚುಗಳಿಗೆ ಮಾದರಿ. ಅದರ ಕೆಂಪು ಬಗೆಯಲ್ಲಿ ಕೀಲಿ ಒಟ್ಟು ೪ ಮಿಲಿಮೀಟರಿನಷ್ಟು ಇಳಿಯುತ್ತದೆ. ೨ ಮಿಲಿಮೀಟರು ಇಳಿಯುವಷ್ಟರಲ್ಲಿಯೇ ಅಕ್ಷರ ಮೂಡುತ್ತದೆ. ಆದುದರಿಂದ ಬೆರಳು ತಳವನ್ನು ಗುದ್ದಬೇಕಾಗಿಲ್ಲ. ಕೆಂಪು ಬಗೆ ನುಣುಪಾಗಿ ಇಳಿದರೆ, ಕಂದು ಬಗೆ ನಡುವೆ ಸಣ್ಣ ತಡೆಯೊಂದನ್ನು ಬೆರಳಿಗೆ ತಿಳಿಸುತ್ತದೆ. ನೀಲಿ ಬಗೆ ಟಿಕ್ ಟಿಕ್ ಎಂದು ಸದ್ದು ಮಾಡುತ್ತದೆ. ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಬರೆಯುವವರು ನೀಲಿಯನ್ನು ಬಿಡುವುದೇ ಲೇಸು. ಮಲಗಿದ ಗೆಳೆಯರ ನಿದ್ರೆಗೂ ಬೆಲೆಯುಂಟಷ್ಟೆ!

ಪೂರ್ಣ ಗಾತ್ರದ ಕೀಲಿಮಣೆಯಲ್ಲಿ ಸಾಮಾನ್ಯವಾಗಿ ೧೦೪ ಕೀಲಿಗಳಿದ್ದರೆ, ಕಿರು ಗಾತ್ರದ ಒಂದು ಬಗೆಯಲ್ಲಿ ೬೧ ಮಾತ್ರ. ಬಲಬದಿಯ ಅಂಕಿಗಳ ಗುಂಪು, ಬಾಣದ ಗುರುತುಗಳು, ಮೇಲುಸಾಲಿನ ‘ಎಫ್’ ಕೀಲಿಗಳು ಇದರಲ್ಲಿಲ್ಲ. ‘ಎಫ್‌ಎನ್’ ಎಂಬ ಕೀಲಿಯನ್ನು ಹಿಡಿದು ಬೇರೊಂದನ್ನು ಒತ್ತಿ ಅವುಗಳ ಕೆಲಸವನ್ನು ಪಡೆಯಬೇಕು. ಆದರೆ ಅಕ್ಷರದ ಕೀಲಿ ಒಂದೂ ಕಡಮೆಯಾಗಿಲ್ಲ. ಅವುಗಳ ನಡುವಣ ಅಂತರವೂ ಸಾಮಾನ್ಯವಾಗಿ ಮೊದಲಿನಂತೆಯೇ ಸುಮಾರು ೧೯ ಮಿಲಿಮೀಟರು.

ತಂತಿಯ ಕೆಲಸವನ್ನು ಇಲ್ಲಿ ಬ್ಲೂಟೂತ್ ರೇಡಿಯೋ ಮಾಡುತ್ತದೆ. ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಹುಟ್ಟಿದ ಈ ವಿದ್ಯೆಗೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನ ಅಡ್ಡಹೆಸರನ್ನು ಇಟ್ಟಿದ್ದಾರೆ. ಮೊದಲ ಸಲ ಫೋನಿಗೋ ಗಣಕಯಂತ್ರಕ್ಕೋ ಜೋಡಿಸಿದರೆ ಮುಂದೆ ಅದು ತಾನಾಗಿಯೇ ಗುರುತು ಹಿಡಿಯುತ್ತದೆ. ಕೀಲಿಗಳ ಕೆಳಗಿನ ದೀಪವನ್ನು ಆರಿಸಿಟ್ಟರೆ ಬ್ಯಾಟರಿ ಹೆಚ್ಚು ಕಾಲ ಬಾಳುತ್ತದೆ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಕೀಲಿಗಳ ಮೇಲೆ ಇಂಗ್ಲಿಷ್ ಅಕ್ಷರಗಳೇ ಇರುವುದನ್ನು ಕಂಡು, ಇದು ಕನ್ನಡಕ್ಕೆ ಒದಗದೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಇದು ಸರಿಯಲ್ಲ. ಕೀಲಿಮಣೆಗೆ ಯಾವ ಭಾಷೆಯೂ ತಿಳಿಯದು! ‘ಕೆ’ ಕೀಲಿಯನ್ನು ಒತ್ತಿದಾಗ ಅದು ಕಳುಹಿಸುವುದು ಅಕ್ಷರವನ್ನಲ್ಲ, ೧೪ ಎಂಬ ಒಂದು ಸಂಖ್ಯೆಯನ್ನು. ಅದಕ್ಕೆ ಅರ್ಥ ಕೊಡುವುದು ಗಣಕದೊಳಗಿನ ತಂತ್ರಾಂಶ. ಅಲ್ಲಿ ಕನ್ನಡದ ವಿನ್ಯಾಸವನ್ನು ಆರಿಸಿದ್ದರೆ ಅದೇ ೧೪ ‘ಕ’ ಆಗುತ್ತದೆ.

ಕೆ. ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರಕಾರವು ಮಾನ್ಯ ಮಾಡಿದ ವಿನ್ಯಾಸ ಇದಕ್ಕೆ ಬಹಳ ಅನುಕೂಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಅದು ದೊರೆಯುತ್ತದೆ. ‘ಕೆ’ ಒತ್ತಿದರೆ ಕ. ಶಿಫ್ಟ್ ಹಿಡಿದು ಒತ್ತಿದರೆ ಖ. ಹಾಗೆಯೇ ನ–ಣ, ಲ–ಳ, ಪ–ಫ. ‘ಎಫ್’ ಅಕ್ಷರದ ಕೀಲಿ ಒತ್ತಕ್ಷರಕ್ಕೆ ದಾರಿ ಮಾಡುತ್ತದೆ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಒತ್ತುಗಳು ಸಾಕು. ಮೇಲಾಗಿ, ಈ ‘ಎಫ್’ ಇರುವುದು ಎಡಗೈಯ ತೋರುಬೆರಳು ವಿಶ್ರಮಿಸುವ ಜಾಗದಲ್ಲಿಯೇ. ಅದರ ಮೇಲಣ ಸಣ್ಣ ಉಬ್ಬುಗೆರೆಯನ್ನು ಕಣ್ಣುಮುಚ್ಚಿಯೂ ಗುರುತಿಸಬಹುದು.

ಆದುದರಿಂದ ಕೊಳ್ಳುವವರು ಎರಡು ಅಂಶಗಳನ್ನು ಗಮನಿಸಬೇಕು. ಮಹಾಪ್ರಾಣಕ್ಕೂ ದೀರ್ಘಸ್ವರಕ್ಕೂ ಶಿಫ್ಟ್ ಬೇಕಾಗುವುದರಿಂದ ಎಡಬಲಗಳಲ್ಲಿ ಅದು ಕೈಗೆ ಸಿಗುವಷ್ಟು ಅಗಲವಾಗಿರಲಿ. ಕೆಲವು ಕಿರು ಕೀಲಿಮಣೆಗಳಲ್ಲಿ ಬಲಬದಿಯ ಶಿಫ್ಟ್ ತೀರ ಚಿಕ್ಕದು. ಎರಡನೆಯದಾಗಿ, ಹೊರಗಿನ ಕೀಲಿಮಣೆಗೆ ಕನ್ನಡ ವಿನ್ಯಾಸವನ್ನು ಒದಗಿಸುವ ತಂತ್ರಾಂಶ ತಮ್ಮ ಫೋನಿಗೆ ದೊರೆಯುವುದೇ ಎಂದು ಮೊದಲೇ ನೋಡಿಕೊಳ್ಳಬೇಕು.

ಈ ವಿಚಾರ ಕೇವಲ ಯಂತ್ರದ ಮೋಹವಲ್ಲ. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನನ್ನಂಥವರಲ್ಲಿ ಹಲವರಿಗೆ ಸ್ವಂತ ಗಣಕಯಂತ್ರವಿಲ್ಲ. ಇರುವುದು ಒಂದು ಫೋನು. ಅರ್ಜಿಯಾಗಲಿ, ಪ್ರಬಂಧವಾಗಲಿ, ಕನ್ನಡದಲ್ಲಿ ಬೇಕಾದರೆ ಪುಟಕ್ಕಿಷ್ಟೆಂದು ಹಣ ತೆತ್ತು ಅಂಗಡಿಯಲ್ಲಿ ಟೈಪು ಮಾಡಿಸುತ್ತೇವೆ. ಗೆಳೆಯರಿಗೆ ಬರೆಯುವಾಗ ಕನ್ನಡದ ಮಾತಿಗೆ ಇಂಗ್ಲಿಷ್ ಲಿಪಿಯನ್ನು ತೊಡಿಸುತ್ತೇವೆ. ಫೋನಿಗೆ ಹೊಂದುವ ಚಿಕ್ಕ ಕೀಲಿಮಣೆಯೊಂದನ್ನು ನಾಲ್ವರು ಗೆಳೆಯರು ಕೂಡಿ ಕೊಂಡರೂ ಈ ಪರಾಧೀನತೆ ತಪ್ಪುತ್ತದೆ. ಅದೂ ಆಗದಿದ್ದರೆ ಗಣಕದ ಕೊಠಡಿಯ ಹಳೆಯ ಕೀಲಿಮಣೆಯಲ್ಲಿಯೇ ಅಭ್ಯಾಸ ಮಾಡಬಹುದು. ಕೀಲಿಮಣೆ ಬದಲಾದರೂ ವಿನ್ಯಾಸ ಅದೇ.

ಸಾಧನ ಎಷ್ಟು ಕಿರಿದಾದರೂ ಚಿಂತೆಯಿಲ್ಲ, ಭಾಷೆ ಕಿರಿದಾಗಬಾರದು. ದಿನಕ್ಕೆ ಅರ್ಧ ಗಂಟೆಯನ್ನು ಈ ಅಭ್ಯಾಸಕ್ಕೆ ಮೀಸಲಿಟ್ಟು, ತಮ್ಮ ಅರ್ಜಿಯನ್ನು ತಾವೇ ಕನ್ನಡದಲ್ಲಿ ಬರೆಯುವಂತಾಗಬೇಕೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ.